ಮಿತಾಕ್ಷರೆಯ ದಾಸಮೋಕ್ಷವಿಚಾರ

ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರೆಯಲ್ಲಿ ಅಭ್ಯುಪೇತ್ಯಾಶುಶ್ರೂಷಾ ಎಂಬ ಪ್ರಕರಣವುಂಟು. ಬಲಾತ್ಕಾರದಿಂದ ದಾಸನಾದವನನ್ನೂ ಕಳ್ಳರು ಅಪಹರಿಸಿ ಮಾರಿದವನನ್ನೂ ಬಿಡತಕ್ಕದ್ದೆಂಬುದು ಅಲ್ಲಿಯ ಸ್ಮೃತಿವಚನದ ತಾತ್ಪರ್ಯ. ಒಡೆಯನು ಬಿಡದಿದ್ದರೆ ರಾಜನೇ ಬಿಡಿಸಬೇಕೆಂದು ವ್ಯಾಖ್ಯಾನಕಾರನು ಸ್ಪಷ್ಟಪಡಿಸುತ್ತಾನೆ. ಇದರಿಂದ ಧರ್ಮೋಪದೇಶವು ರಾಜಕಾರ್ಯವಾಯಿತು. ವ್ಯಾಖ್ಯಾನದ ಹಿರಿಮೆ ಇದೇ.

ಅದರ ಮಿತಿಯೂ ಅಲ್ಲಿಯೇ ಇದೆ. ನಾರದನು ಎಣಿಸಿದ 15 ಬಗೆಯ ದಾಸರನ್ನು ಮಿತಾಕ್ಷರೆಯು ಅಂಗೀಕರಿಸುತ್ತದೆ. ದಾಸ್ಯವು ಬಂದ ದಾರಿಯನ್ನು ವಿಚಾರಿಸುತ್ತದೆಯೇ ಹೊರತು ದಾಸ್ಯವನ್ನೇ ನಿಷೇಧಿಸುವುದಿಲ್ಲ.

ಏಳು ಶತಮಾನಗಳ ತರುವಾಯ ಆಂಗ್ಲರ ಶಾಸನವೂ ಇದೇ ತೊಡಕಿಗೆ ಸಿಕ್ಕಿತು. 1811ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ದಾಸವ್ಯಾಪಾರವನ್ನು ಘೋರಾಪರಾಧವೆಂದು ವಿಧಿಸಿತು. ಅದೇ ಕಾಲದಲ್ಲಿ ಮಲೆಯಾಳದ ಅಂಜರಕಂಡಿಯ ತೋಟಕ್ಕೆ ತಿರುವಾಂಕೂರಿನಿಂದ ಕದ್ದು ತಂದಿದ್ದ ಮಕ್ಕಳನ್ನು ತಲಚೇರಿಯ ಮ್ಯಾಜಿಸ್ಟ್ರೇಟನಾದ ಬೇಬರನು ಬಿಡಿಸಿದನು. ಮುಂದೆ ಧಾರವಾಡದಲ್ಲಿ ಕಲೆಕ್ಟರನಾಗಿದ್ದವನು ಈತನೇ. ಅಪಹೃತರಿಗೆ ಬಿಡುಗಡೆಯಾಯಿತು, ಮಲೆಯಾಳದ ಹುಟ್ಟುದಾಸರು ದಾಸರಾಗಿಯೇ ಉಳಿದರು. ಕದ್ದು ತಂದ ಶಿಶುವು ತನ್ನ ಊರುಕುಲಗಳನ್ನು ಹೇಳಲಾರದಿದ್ದರೆ ಅದನ್ನು ಹುಟ್ಟುದಾಸರಿಂದ ಬೇರ್ಪಡಿಸುವ ಬಗೆ ಯಾವುದು? ಸ್ಮೃತಿಯೂ ಶಾಸನವೂ ಇಲ್ಲಿ ಮೂಕವಾದುವು.

1843ರ 5ನೆಯ ಆಕ್ಟು ದಾಸನ ಮೇಲಣ ಒಡೆತನವನ್ನು ನ್ಯಾಯಾಲಯಗಳು ಮನ್ನಿಸದಂತೆ ಮಾಡಿತು. 1860ರ ದಂಡಸಂಹಿತೆಯ 370ನೆಯ ಕಲಮು ಮನುಷ್ಯರನ್ನು ದಾಸರೆಂದು ಕೊಂಡುಮಾರುವವರಿಗೆ 7 ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. “ನೀನು ದಾಸನಾದುದು ಹೇಗೆ?” ಎಂದು ದುರ್ಬಲನನ್ನು ಕೇಳುತ್ತಿದ್ದ ನ್ಯಾಯವು, “ನೀನು ಮನುಷ್ಯನನ್ನು ಕೊಂಡುದೇಕೆ?” ಎಂದು ಪ್ರಬಲನನ್ನು ಕೇಳತೊಡಗಿತು.

ಆದಕಾರಣ ಮಿತಾಕ್ಷರೆಯನ್ನು ದಾಸ್ಯನಿಷೇಧದ ಗ್ರಂಥವೆಂದು ಹೊಗಳುವುದು ಸಲ್ಲದು. ಬಿಡಿಸುವ ಹೊಣೆಯನ್ನು ರಾಜನ ಮೇಲೆ ಹೊರಿಸಿದ ಆ ವಾಕ್ಯವನ್ನು ಮರೆಯುವುದೂ ಸಲ್ಲದು.