ಅಹವಾಲಿನಿಂದ ಘೋಷಣೆಗೆ: 1789ರ ಹಕ್ಕುಗಳ ಘೋಷಣೆಯ ಮರು ಓದು

1789ರ ವಸಂತದಲ್ಲಿ ಫ್ರಾನ್ಸಿನ ಊರೂರುಗಳ ಜನ ಸಭೆ ಸೇರಿ ತಮ್ಮ ಅಹವಾಲುಗಳನ್ನು ಪುಸ್ತಕಗಳಲ್ಲಿ ಬರೆಯಿಸಿದರು. ಉಪ್ಪಿನ ತೆರಿಗೆಯ ಭಾರ, ಇಗರ್ಜಿಗೆ ಸಲ್ಲಬೇಕಾದ ದಶಮಾಂಶ, ಒಡೆಯರ ಬೇಟೆಯ ಅಧಿಕಾರದಿಂದ ಹಾಳಾಗುವ ಪೈರು ಇವೇ ಮೊದಲಾದ ದೂರುಗಳನ್ನು ಹೊತ್ತ ಆ ಪುಸ್ತಕಗಳು ಹದಿನಾರನೆಯ ಲೂಯಿಯ ಸನ್ನಿಧಿಗೆ ಹೋದವು. ಕೇಳುವವನು ಪ್ರಜೆ, ಕೊಡುವವನು ದೊರೆ ಎಂಬ ಸಂಬಂಧ ಅಲ್ಲಿನ ಭಾಷೆಯಲ್ಲಿ ಇನ್ನೂ ಕದಲಿರಲಿಲ್ಲ. ಅದೇ ವರ್ಷದ ಆಗಸ್ಟ್ 26ರಂದು ರಾಷ್ಟ್ರೀಯ ಸಭೆಯು ಮನುಷ್ಯನ ಹಾಗೂ ನಾಗರಿಕನ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸುವ ಹೊತ್ತಿಗೆ ಆ ವ್ಯಾಕರಣವೇ ಬದಲಾಗಿತ್ತು. ಕೆಲವೇ ತಿಂಗಳುಗಳಲ್ಲಿ ಅಹವಾಲು ಘೋಷಣೆಯಾಯಿತು. ರಾಜಕೀಯ ಕ್ರಾಂತಿ ಮಾನವ ಹಕ್ಕಿನ ಕಲ್ಪನೆಗೆ ಏನು ಮಾಡಿತು ಎಂಬ ಪ್ರಶ್ನೆಗೆ ಮೊದಲ ಉತ್ತರ ಈ ಬದಲಾವಣೆಯಲ್ಲಿದೆ.

ಹದಿನೇಳು ವಿಧಿಗಳ ಆ ಚಿಕ್ಕ ಪಠ್ಯದ ಪೀಠಿಕೆಯನ್ನು ಗಮನಿಸಬೇಕು. ಲೋಕದ ಸಂಕಟಗಳಿಗೂ ಸರ್ಕಾರಗಳ ಭ್ರಷ್ಟತೆಗೂ ಅದು ಕಾಣುವ ಕಾರಣಗಳು ಮೂರು: ಹಕ್ಕುಗಳ ಬಗೆಗಿನ ಅಜ್ಞಾನ, ಮರೆವು ಮತ್ತು ತಿರಸ್ಕಾರ. ಇವುಗಳಲ್ಲಿ ‘ಮರೆವು’ ಅತ್ಯಂತ ಅರ್ಥಗರ್ಭಿತವಾದುದು. ಮರೆತದ್ದು ಎಂದಮೇಲೆ ಅದು ಮೊದಲೇ ಇದ್ದದ್ದು. ಆದ್ದರಿಂದ ಸಭೆಯು ಹಕ್ಕುಗಳನ್ನು ದಯಪಾಲಿಸುವ ಧಾಟಿಯಲ್ಲಿ ಮಾತನಾಡುವುದಿಲ್ಲ. ಇರುವುದನ್ನು ಗುರುತಿಸಿ ಸಾರುತ್ತದೆ. ಎಡ್ಮಂಡ್ ಬರ್ಕ್ 1790ರಲ್ಲಿ ಇದನ್ನು ಬರಿಯ ಅಮೂರ್ತ ತತ್ತ್ವವೆಂದು ಟೀಕಿಸಿ, ಪೂರ್ವಿಕರಿಂದ ಬಳುವಳಿಯಾಗಿ ಬಂದ ಹಕ್ಕೇ ದೃಢವಾದುದೆಂದು ವಾದಿಸಿದ. ಬಳುವಳಿಯೇ ಇಲ್ಲದವರ ಗತಿಯೇನೆಂಬುದು ಆ ವಾದಕ್ಕೆ ಎದುರಾಗುವ ಪ್ರಶ್ನೆ. ಮರುವರ್ಷ ಥಾಮಸ್ ಪೇನ್, ಸತ್ತವರು ಬದುಕಿರುವವರನ್ನು ಆಳಲಾಗದೆಂಬ ನೆಲೆಯಿಂದ ಅವನಿಗೆ ಉತ್ತರ ಕೊಟ್ಟ.

ಆದರೆ ಪಠ್ಯದ ಬಿರುಕು ಅದರ ಶೀರ್ಷಿಕೆಯಲ್ಲೇ ಇದೆ. ‘ಮನುಷ್ಯ’ ಮತ್ತು ‘ನಾಗರಿಕ’ ಎಂಬ ಎರಡು ಪದಗಳು ಅಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ. ಇಬ್ಬರೂ ಒಬ್ಬನೇ ಆಗಿದ್ದರೆ ಎರಡು ಹೆಸರೇಕೆ? ಮೊದಲ ವಿಧಿಯ ಪ್ರಕಾರ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು. ಮೂರನೆಯ ವಿಧಿಯ ಪ್ರಕಾರ ಸಾರ್ವಭೌಮತ್ವ ನೆಲೆಸಿರುವುದು ರಾಷ್ಟ್ರದಲ್ಲಿ. ರಾಷ್ಟ್ರದ ಒಳಗೆ ಯಾರಿದ್ದಾರೆ ಎಂಬುದನ್ನು ಪಠ್ಯ ಹೇಳದೆ ಬಿಟ್ಟಿತು. ಆ ಮೌನವನ್ನು ಕಾನೂನು ತುಂಬಿತು. ಮೂರು ದಿನದ ಕೂಲಿಯಷ್ಟು ನೇರ ತೆರಿಗೆ ಕೊಡಬಲ್ಲ, ಇಪ್ಪತ್ತೈದು ತುಂಬಿದ ಗಂಡಸರು ‘ಸಕ್ರಿಯ ನಾಗರಿಕ’ರಾದರು, ಬಡವರು, ಮನೆಯಾಳುಗಳು, ಎಲ್ಲ ಹೆಂಗಸರು ಮತದ ಹೊರಗೆ ಉಳಿದರು.

ಹೊರಗುಳಿದವರು ಏನು ಮಾಡಿದರು ಎಂಬುದೇ ಈ ಕಥೆಯ ಮುಖ್ಯ ಭಾಗ. 1791ರಲ್ಲಿ ನಾಟಕಕಾರ್ತಿ ಒಲಾಂಪ್ ದ ಗೂಜ್ ಅದೇ ಹದಿನೇಳು ವಿಧಿಗಳ ಚೌಕಟ್ಟಿನಲ್ಲಿ ಸ್ತ್ರೀಯ ಹಕ್ಕುಗಳ ಘೋಷಣೆಯನ್ನು ಬರೆದಳು. ಮೂಲದ ‘ಮನುಷ್ಯ’ ಎಂಬ ಪದದಲ್ಲಿ ಗಂಡಸು ಮಾತ್ರ ಅಡಗಿದ್ದಾನೆಂಬುದು ಹೀಗೆ ಬಯಲಾಯಿತು. ಹೆಣ್ಣಿಗೆ ವಧಾಸ್ಥಾನದ ಮೆಟ್ಟಿಲೇರುವ ಹಕ್ಕಿರುವುದಾದರೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕೆಂಬುದು ಅವಳ ತರ್ಕ. 1793ರ ನವೆಂಬರಿನಲ್ಲಿ ಕ್ರಾಂತಿ ಅವಳಿಗೆ ಮೊದಲನೆಯದನ್ನು ಮಾತ್ರ ಕೊಟ್ಟಿತು.

ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಸ್ಯಾಂ ದೊಮಾಂಗ್‌ನಲ್ಲಿ ಪರೀಕ್ಷೆ ಇನ್ನೂ ಕಠಿಣವಾಗಿತ್ತು. ಸುಮಾರು 5 ಲಕ್ಷ ಗುಲಾಮರು ದುಡಿಯುತ್ತಿದ್ದ ಆ ಸಕ್ಕರೆಯ ದ್ವೀಪದಲ್ಲಿ ತೋಟದೊಡೆಯರಿಗೆ ಆಸ್ತಿಯ ಪಾವಿತ್ರ್ಯವನ್ನು ಸಾರುವ ಹದಿನೇಳನೆಯ ವಿಧಿ ಆಸರೆಯಾಗಿತ್ತು. ಗುಲಾಮರ ಪಕ್ಷದಲ್ಲಿ ಮೊದಲನೆಯ ವಿಧಿ ಇತ್ತು. ಒಂದೇ ಪಠ್ಯದ ಎರಡು ವಿಧಿಗಳು ಪರಸ್ಪರ ಯುದ್ಧಕ್ಕೆ ನಿಂತವು. 1791ರ ಆಗಸ್ಟಿನಲ್ಲಿ ಗುಲಾಮರು ದಂಗೆ ಎದ್ದರು. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಕನ್ವೆನ್ಷನ್ ಗುಲಾಮಗಿರಿಯನ್ನು ರದ್ದುಮಾಡಿತು. 1802ರಲ್ಲಿ ನೆಪೋಲಿಯನ್ ಅದನ್ನು ವಸಾಹತುಗಳಲ್ಲಿ ಮತ್ತೆ ಊರ್ಜಿತಗೊಳಿಸಲು ಹೊರಟಾಗ ಆ ಜನ ಮಣಿಯಲಿಲ್ಲ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ‘ಎಲ್ಲರೂ’ ಎಂದು ಬರೆದವರು ಪ್ಯಾರಿಸ್ಸಿನವರು. ಆ ಪದಕ್ಕೆ ಪೂರ್ತಿ ಅರ್ಥ ತುಂಬಿದವರು ಕಬ್ಬಿನ ಗದ್ದೆಯ ಗುಲಾಮರು.

ಗಡಿನಾಡಿನ ಓದುಗರಾದ ನಮ್ಮನ್ನು ಹೆಚ್ಚು ಕಾಡಬೇಕಾದ ಅಧ್ಯಾಯ ಮತ್ತೊಂದಿದೆ. 1790ರ ಜನವರಿಯಲ್ಲಿ ರಾಷ್ಟ್ರೀಯ ಸಭೆಯು ತನ್ನ ಶಾಸನಗಳನ್ನು ದೇಶದ ಬೇರೆಬೇರೆ ನುಡಿಗಳಿಗೆ ಅನುವಾದಿಸಬೇಕೆಂದು ನಿರ್ಣಯಿಸಿತ್ತು. ಬ್ರೆಟನ್, ಬಾಸ್ಕ್, ಜರ್ಮನ್, ಆಕ್ಸಿಟಾನ್ ಆಡುವವರು ಆಗ ಫ್ರಾನ್ಸಿನ ತುಂಬ ಇದ್ದರು. ನಾಲ್ಕೇ ವರ್ಷಗಳಲ್ಲಿ ಗಾಳಿ ತಿರುಗಿತು. 1794ರ ಜನವರಿಯಲ್ಲಿ ಬಾರೇರ್ ಈ ನುಡಿಗಳನ್ನು ಕ್ರಾಂತಿಯ ವೈರಿಗಳ ಸಾಧನಗಳೆಂದು ಜರೆದ. ಜೂನ್ ತಿಂಗಳಲ್ಲಿ ಪಾದ್ರಿ ಆನ್ರಿ ಗ್ರೆಗ್ವಾರ್ ಮಂಡಿಸಿದ ವರದಿಯ ಶೀರ್ಷಿಕೆಯಲ್ಲೇ ದೇಶ್ಯ ನುಡಿಗಳ ನಿರ್ಮೂಲನದ ಅಗತ್ಯವಿತ್ತು. ಶುದ್ಧ ಫ್ರೆಂಚ್ ಆಡುವವರು 30 ಲಕ್ಷವನ್ನು ಮೀರರು, ಕನಿಷ್ಠ 60 ಲಕ್ಷ ಜನರಿಗೆ ಆ ಭಾಷೆಯೇ ತಿಳಿಯದು ಎಂಬುದು ಅವನ ಲೆಕ್ಕ. ಜುಲೈ 20ರ ಶಾಸನವು ಸಾರ್ವಜನಿಕ ದಸ್ತಾವೇಜುಗಳೆಲ್ಲ ಫ್ರೆಂಚಿನಲ್ಲೇ ಇರಬೇಕೆಂದು ವಿಧಿಸಿತು; ಅದು ಬೇಗನೆ ಅಮಾನತಾದರೂ ಅದರ ಹಿಂದಿನ ಮನೋಧರ್ಮ ಉಳಿಯಿತು.

ಗ್ರೆಗ್ವಾರ್ ಖಳನಾಯಕನಲ್ಲ. ಯೆಹೂದಿಗಳ ಪೌರತ್ವಕ್ಕಾಗಿ, ಗುಲಾಮರ ಬಿಡುಗಡೆಗಾಗಿ ಹೋರಾಡಿದ ಸಜ್ಜನ. ಕಾನೂನಿನ ಭಾಷೆ ತಿಳಿಯದವನು ಅಧಿಕಾರದಿಂದ ದೂರ ಉಳಿಯುತ್ತಾನೆ, ಭಾಷೆ ಬಲ್ಲವರದೇ ಹೊಸ ಮೇಲ್ವರ್ಗ ಹುಟ್ಟುತ್ತದೆ ಎಂಬ ಅವನ ಭಯವೂ ನಿಜವಾದುದೇ. ಆದರೆ ಆ ಅಂತರವನ್ನು ದಾಟಲು ಎರಡು ದಾರಿಗಳಿದ್ದವು: ಕಾನೂನನ್ನು ಜನರ ನುಡಿಗೆ ತರುವುದು, ಇಲ್ಲವೇ ಜನರನ್ನು ಅವರ ನುಡಿಯಿಂದ ಕೀಳುವುದು. 1790 ಮೊದಲನೆಯದನ್ನು ಆರಿಸಿತು, 1794 ಎರಡನೆಯದನ್ನು. ಸಮಾನತೆಯೆಂದರೆ ಏಕರೂಪತೆ ಎಂದು ತಿಳಿದಾಗ ಸಜ್ಜನನ ಕೈಯಲ್ಲೂ ಹಕ್ಕು ಹೇಗೆ ಆಯುಧವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮುಂದಿನ ಪಠ್ಯಗಳು ಈ ಪಾಠವನ್ನು ಅಷ್ಟಿಷ್ಟು ಕಲಿತಿವೆ. 1948ರ ವಿಶ್ವಸಂಸ್ಥೆಯ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷವಾಚಕದ ಬದಲು ‘ಎಲ್ಲ ಮಾನವ ಜೀವಿಗಳು’ ಎಂಬ ಅರ್ಥದ ಪದ ಬರುವಂತೆ ಮಾಡಿದವರು ಭಾರತದ ಹಂಸಾ ಮೆಹ್ತಾ. ಎರಡನೆಯ ವಿಧಿ ಭಾಷೆಯ ಆಧಾರದ ತಾರತಮ್ಯವನ್ನು ಹೆಸರಿಸಿಯೇ ನಿಷೇಧಿಸಿತು. ನಮ್ಮ ಸಂವಿಧಾನದ ಪೀಠಿಕೆಯಲ್ಲಿರುವ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಕಂಡವರಿಗೆ ಫ್ರಾನ್ಸ್ ನೆನಪಾಗುವುದು ಸಹಜ. ಅಂಬೇಡ್ಕರ್ ಅವರಾದರೋ ಈ ಮೂರನ್ನೂ ತಾವು ಪಡೆದದ್ದು ಬುದ್ಧನಿಂದ ಎಂದು 1954ರಲ್ಲಿ ಸ್ಪಷ್ಟಪಡಿಸಿದರು. ಹಕ್ಕಿನ ಕಲ್ಪನೆ ಒಂದೇ ನಾಡಿನ ಸೊತ್ತಲ್ಲವೆಂಬ ತಿಳಿವು ಅದರಲ್ಲಿದೆ.

ನಮ್ಮ ಸಂವಿಧಾನವನ್ನೂ ಇದೇ ಎಚ್ಚರದಿಂದ ಓದಬೇಕು. 29 ಮತ್ತು 30ನೆಯ ಅನುಚ್ಛೇದಗಳು ಭಾಷೆಯನ್ನು ಕಾಪಾಡಿಕೊಳ್ಳುವುದನ್ನೂ ಅಲ್ಪಸಂಖ್ಯಾತರು ವಿದ್ಯಾಸಂಸ್ಥೆ ಸ್ಥಾಪಿಸಿ ನಡೆಸುವುದನ್ನೂ ‘ಹಕ್ಕು’ ಎಂದೇ ಕರೆದು ಮೂಲಭೂತ ಹಕ್ಕುಗಳ ಭಾಗದಲ್ಲಿ ಇರಿಸಿವೆ. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ ಸೇರಿದ 350ಎ ಅನುಚ್ಛೇದವು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸುವುದನ್ನು ರಾಜ್ಯದ ‘ಪ್ರಯತ್ನ’ ಎನ್ನುತ್ತದೆ. ಅದು ಇರುವುದೂ ಬೇರೆ ಭಾಗದಲ್ಲಿ. ‘ಹಕ್ಕು’ ಮತ್ತು ‘ಪ್ರಯತ್ನ’ ಎಂಬ ಎರಡು ಪದಗಳ ನಡುವಣ ದೂರದಲ್ಲಿ ಗಡಿನಾಡಿನ ಕನ್ನಡ ಶಾಲೆಯ ಮಗು ಕುಳಿತಿದೆ. ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಪಠ್ಯಪುಸ್ತಕ ತಡವಾದಾಗ ಆ ದೂರದ ಅಳತೆ ನಮಗೆ ತಿಳಿಯುತ್ತದೆ.

ಇಲ್ಲಿ ನಮ್ಮ ಸಮ್ಮೇಳನಗಳ ನಿರ್ಣಯಗಳನ್ನೂ ವಿಮರ್ಶೆಗೆ ಒಡ್ಡಬೇಕಾಗುತ್ತದೆ. ವರ್ಷವರ್ಷವೂ ನಾವು ‘ವಿನಂತಿಸುತ್ತದೆ’, ‘ಪ್ರಾರ್ಥಿಸುತ್ತದೆ’ ಎಂದೇ ಬರೆಯುತ್ತ ಬಂದಿದ್ದೇವೆ. ಇದು 1789ರ ವಸಂತದ ಭಾಷೆ; ಆ ಆಗಸ್ಟ್ ನಮ್ಮ ಬರವಣಿಗೆಯಲ್ಲಿ ಇನ್ನೂ ಬಂದಿಲ್ಲ. ಆದರೆ ಹಕ್ಕಿನ ಭಾಷೆಗೆ ಒಂದು ಬೆಲೆಯಿದೆ, ಅದನ್ನೂ ತೆರಬೇಕು. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಕನ್ನಡದ ಮಗುವಿಗೆ ಯಾವುದನ್ನು ಕೇಳುತ್ತೇವೆಯೋ ಅದನ್ನು ಬೆಳಗಾವಿಯ ಮರಾಠಿ ಮಗುವಿಗೂ, ನಮ್ಮ ನಡುವೆಯೇ ಇರುವ ತುಳು, ಬ್ಯಾರಿ, ಕೊಂಕಣಿ ಮಾತಿನ ಮನೆಗಳಿಗೂ ಒಪ್ಪಬೇಕು. ಒಪ್ಪದಿದ್ದರೆ ನಾವು ಕೇಳುತ್ತಿರುವುದು ಹಕ್ಕನ್ನಲ್ಲ, ಸವಲತ್ತನ್ನು. ‘ಎಲ್ಲರೂ’ ಎಂಬ ಪದವನ್ನು ಬರೆದವರೇ ಅದರ ಮೊದಲ ಪರೀಕ್ಷೆಗೆ ಗುರಿಯಾಗುತ್ತಾರೆ. ಗ್ರೆಗ್ವಾರ್ ಸೋತದ್ದು ಆ ಪರೀಕ್ಷೆಯಲ್ಲೇ.