ತಕ್ರಾರ್: ವಿಡಿಯೋ ಗೇಮುಗಳ ಸಂಗೀತದ ಕುರಿತು

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಉಳಿಸಿಕೊಳ್ಳಲೇಬೇಕಾದ ಧ್ವನಿಮುದ್ರಣಗಳ ಪಟ್ಟಿಯೊಂದನ್ನು ವರ್ಷವರ್ಷವೂ ಬೆಳೆಸುತ್ತ ಬಂದಿದೆ. 2023ರಲ್ಲಿ ಆ ಪಟ್ಟಿಗೆ 'ಸೂಪರ್ ಮಾರಿಯೋ ಬ್ರದರ್ಸ್' ಎಂಬ ವಿಡಿಯೋ ಗೇಮಿನ ಧಾಟಿ ಸೇರಿತು. ಗೇಮಿನ ಸಂಗೀತವೊಂದು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಜಪಾನಿನ ಕೋಜಿ ಕೊಂಡೊ ಅದನ್ನು ಮಾಡಿದ್ದು 1985ರಲ್ಲಿ. ದೊಡ್ಡವರು ಕಿರಿಕಿರಿ ಎಂದು ಬೈದು ಬಂದ್ ಮಾಡಿಸುತ್ತಿದ್ದ ಸದ್ದಿಗೆ ಸಂಗೀತವೆಂಬ ಗೌರವ ಸಿಗಲು ಮೂವತ್ತೆಂಟು ವರ್ಷ ಹಿಡಿಯಿತು. ಪಂಡಿತರ ಅಂಗಳದಾಚೆ ಹುಟ್ಟಿದ ಯಾವ ಕಲೆಗೂ ಇದಕ್ಕಿಂತ ಬೇಗ ಬಾಗಿಲು ತೆರೆದ ನೆನಪು ನಮಗಿಲ್ಲ.

ನಾವು ಸಂಗೀತಶಾಸ್ತ್ರ ಓದಿದವರಲ್ಲ, ಕಥೆ ಬರೆಯುವವರು. ಆದರೆ ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ವೈರು ಸಿಕ್ಕಿಸಿ ಆಡುವ ಅಗ್ಗದ ನಕಲಿ ಯಂತ್ರಗಳಲ್ಲಿ ಮಾರಿಯೋ, ಕಾಂಟ್ರಾಗಳನ್ನು ಆಡಿದ ತಲೆಮಾರಿಗೆ ಸೇರಿದವರು. ಆದ್ದರಿಂದ ಇಲ್ಲಿ ತಕ್ಕಡಿ ಹಿಡಿದ ನ್ಯಾಯಾಧೀಶರ ಗಾಂಭೀರ್ಯವನ್ನು ಯಾರೂ ನಿರೀಕ್ಷಿಸಬೇಕಾಗಿಲ್ಲ. ನಮಗೆ ಈ ಆಟಗಳ ಮೇಲೆ ಪ್ರೀತಿಯಿದೆ. ಆ ಪ್ರೀತಿಗೆ ಕಾರಣಗಳೂ ಇವೆ.

ಮೊದಲು ಯಂತ್ರದ ಮಾತು. ಮಾರಿಯೋ ಆಡುತ್ತಿದ್ದ ನಿಂಟೆಂಡೊ ಯಂತ್ರದಲ್ಲಿ ಧಾಟಿ ನುಡಿಸಲು ಇದ್ದದ್ದು ಮೂರೇ ದನಿಗಳು. ಎರಡು ಚೂಪು ದನಿ, ಒಂದು ಮೆತ್ತನೆಯ ಕೆಳದನಿ. ಇವುಗಳ ಜೊತೆಗೆ ತಾಳಕ್ಕೆ ಒದಗುವ 'ಶ್' ಎನ್ನುವ ಗದ್ದಲವೊಂದು, ಮುದ್ರಿಸಿಕೊಂಡ ಸಣ್ಣ ಸದ್ದುಗಳಿಗೆ ಒಂದಿಷ್ಟು ಜಾಗ. ಇಷ್ಟರಲ್ಲೇ ಹಾಡಬೇಕು. ಅದರಲ್ಲೂ ಮಾರಿಯೋ ಜಿಗಿದಾಗಲೆಲ್ಲ ಜಿಗಿತದ ಸದ್ದು ಒಂದು ದನಿಯನ್ನು ಕಸಿದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಉಳಿದವರು ಹಾಡನ್ನು ಎತ್ತಿಹಿಡಿಯಬೇಕು. ಹಾಡುಗಾರ ಕೆಮ್ಮಿದಾಗ ಹಿಮ್ಮೇಳ ಸಂಭಾಳಿಸುವ ಹಾಗೆ. ಕೊಂಡೊ ಮೊದಲು ನಿಧಾನಗತಿಯ ಧಾಟಿಯೊಂದನ್ನು ಕಟ್ಟಿದ್ದರಂತೆ. ಓಡುವ, ಜಿಗಿಯುವ ಮಾರಿಯೋನ ಕಾಲಿಗೆ ಅದು ಹೊಂದಲಿಲ್ಲವೆಂದು ಕೈಬಿಟ್ಟರು. ಅಂದರೆ ಈ ಸಂಗೀತಕ್ಕೆ ಲಯ ಒದಗಿಸಿದ್ದು ಆಡುವವನ ಹೆಬ್ಬೆರಳು. ನೀರಿನೊಳಗೆ ಇಳಿದರೆ ಅದೇ ಆಟ ತೇಲುವ ಮೂರು ಮಾತ್ರೆಯ ನಡಿಗೆಗೆ ಬದಲಾಗುತ್ತದೆ. ಗಡಿಯಾರದಲ್ಲಿ ನೂರಕ್ಕಿಂತ ಕಡಿಮೆ ಉಳಿದಾಗ ಹಾಡು ಏದುಸಿರು ಬಿಡುತ್ತ ಓಡತೊಡಗುತ್ತದೆ.

ಇದಕ್ಕೂ ಮೊದಲೇ, 1978ರ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಈ ಗುಟ್ಟು ಬಯಲಾಗಿತ್ತು. ಅಲ್ಲಿದ್ದದ್ದು ಮೇಲಿನಿಂದ ಕೆಳಕ್ಕಿಳಿಯುವ ನಾಲ್ಕೇ ಸ್ವರ. ಶತ್ರುಗಳನ್ನು ಹೊಡೆದುರುಳಿಸಿದಷ್ಟೂ ಉಳಿದವರು ಬೇಗ ಬೇಗ ಬರುತ್ತಾರೆ, ನಾಲ್ಕು ಸ್ವರಗಳೂ ಬೇಗ ಬೇಗ ಬಡಿಯುತ್ತವೆ. ಎದೆಬಡಿತಕ್ಕೂ ಅದಕ್ಕೂ ಫರಕು ತಿಳಿಯುವುದಿಲ್ಲ. ಅಷ್ಟು ಕಡಿಮೆ ಬಂಡವಾಳದಲ್ಲಿ ಭಯವನ್ನು ಕಟ್ಟಿದ ಸಿನಿಮಾ ಸಂಗೀತ ಎಷ್ಟಿದೆ?

ಗೇಮಿನ ಸಂಗೀತದ ಮೇಲಿರುವ ದೊಡ್ಡ ಆಕ್ಷೇಪವೆಂದರೆ ಅದು ಹೇಳಿದ್ದನ್ನೇ ಹೇಳುತ್ತದೆ ಎಂಬುದು. ಇಲ್ಲಿ ಒಂದು ಪದ ನೆನಪಾಗುತ್ತದೆ. ನಮ್ಮ ಉರ್ದು ಶಾಲೆಯ ಪಾಠಗಳಲ್ಲಿ 'ತಕ್ರಾರ್' ಎಂದರೆ ಮತ್ತೆ ಮತ್ತೆ ಹೇಳುವುದು. ಅದೊಂದು ಕಾವ್ಯಗುಣ. ಅದೇ ಅರಬ್ಬಿ ಮೂಲದ ಪದ ಕನ್ನಡಕ್ಕೆ ಬಂದು 'ತಕರಾರು' ಆಯಿತು. ಹೇಳಿದ್ದನ್ನೇ ಹೇಳುವವನು ನಮ್ಮ ಕಚೇರಿ ಕೋರ್ಟುಗಳಲ್ಲಿ ಜಗಳಗಂಟನಾಗಿಬಿಟ್ಟ! ಗೇಮಿನ ಸಂಗೀತವನ್ನು ಕುರಿತ ಆಕ್ಷೇಪ ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡಿದೆ.

ಕವ್ವಾಲಿಯ ಸಮಾ ಮಹಫಿಲಿನಲ್ಲಿ ಕೂತವರಿಗೆ ಇದು ಅರ್ಥವಾಗುತ್ತದೆ. ಕೇಳುಗನೊಬ್ಬ ಒಂದು ಸಾಲಿಗೆ ಮನಸೋತು ಹಾಲ್‌ಗೆ ಹೋದರೆ ಕವ್ವಾಲ ಮುಂದಿನ ಸಾಲಿಗೆ ಹೋಗುವುದಿಲ್ಲ. ಆತ ತನ್ನೊಳಗಿಂದ ಮರಳುವ ತನಕ ಅದೇ ಸಾಲನ್ನು ತಿರುಗಿಸಿ ಮುರುಗಿಸಿ ಹಾಡುತ್ತಾನೆ. ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುವವನು ಕೇಳುಗ. ಸಿನಿಮಾ ಸಂಗೀತಗಾರನಿಗೆ ದೃಶ್ಯ ಎಷ್ಟು ನಿಮಿಷದ್ದೆಂದು ಮೊದಲೇ ಗೊತ್ತು. ಗೇಮಿನವನಿಗೆ ಗೊತ್ತಿಲ್ಲ. ಹುಡುಗನೊಬ್ಬ ಆ ಗುಹೆಯಲ್ಲಿ ಅರ್ಧ ನಿಮಿಷ ಇರಬಹುದು, ದಾರಿ ಸಿಗದೆ ಎರಡು ತಾಸೂ ಸುತ್ತಬಹುದು. ಅಲ್ಲಿಯವರೆಗೆ ಹಾಡು ಕಾಯಬೇಕು, ಬೇಸರ ತರಿಸದೆ ಕಾಯಬೇಕು. ಕೊನೆಯ ಸ್ವರ ಮೊದಲ ಸ್ವರಕ್ಕೆ ಬೆಸುಗೆಯ ಗುರುತಿಲ್ಲದೆ ಸೇರಬೇಕು. ಇದನ್ನು ಸಾಧಿಸಿದ ಒಂದೊಂದು ನಿಮಿಷದ ತುಣುಕುಗಳನ್ನು ನಾವು ಕಡೆಗಣಿಸಿದರೆ ನಷ್ಟ ಅವುಗಳಿಗಲ್ಲ.

'ಟೆಟ್ರಿಸ್'ನ ವಿಷಯ ಬೇರೆ. ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ಕಟ್ಟಿದ ಈ ಆಟ 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕೆ ಬಂದಾಗ, ಹಿರೋಕಾಜು ತನಾಕ ಅದಕ್ಕೆ 'ಕೊರೊಬೈನಿಕಿ' ಎಂಬ ರಷ್ಯನ್ ಹಾಡಿನ ಧಾಟಿ ಹೊಂದಿಸಿದರು. ಅದರ ಮೂಲ 1861ರಲ್ಲಿ ನೆಕ್ರಾಸೋವ್ ಬರೆದ ಕವಿತೆ. ಊರೂರು ತಿರುಗಿ ಬಟ್ಟೆ ಮಾರುವ ವ್ಯಾಪಾರಿ, ಅವನೊಡನೆ ಚೌಕಾಸಿಗಿಳಿವ ಹುಡುಗಿ, ಇಬ್ಬರ ನಡುವೆ ಅರಳುವ ಒಲವು. ನಮ್ಮ ಬಳೆಗಾರ ಮಣಿಯಾರರನ್ನು ಕಂಡವರಿಗೆ ಅಪರಿಚಿತವೇನಲ್ಲ. ಬೀಳುವ ಇಟ್ಟಿಗೆಗಳಿಗೂ ತಿರುಗು ವ್ಯಾಪಾರಿಗೂ ಏನು ಸಂಬಂಧ ಎಂದು ಕೇಳಿದರೆ ಏನೂ ಇಲ್ಲ. ಆದರೂ ಲೋಕದ ಕೋಟ್ಯಂತರ ಜನ ಹೆಸರೂ ಅರ್ಥವೂ ತಿಳಿಯದೆ ಒಂದು ರಷ್ಯನ್ ಹಾಡನ್ನು ಗುನುಗುವಂತಾಯಿತು. ಜನಪದ ಹಾಡುಗಳು ಹಿಂದೆಯೂ ಹೀಗೇ ಅಲ್ಲವೇ ಗಡಿ ದಾಟಿದ್ದು?

ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕ್ಲಾಸುಗಳು ತಲೆಯೆತ್ತಿದ ಕಾಲದಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ಹರಿದಾಡಿದ ಆಟ 'ಪ್ರಿನ್ಸ್ ಆಫ್ ಪರ್ಷಿಯಾ'. ಜೋರ್ಡನ್ ಮೆಕ್ನರ್ 1989ರಲ್ಲಿ ಮಾಡಿದ್ದು. ಸಂಗೀತ ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ತಮ್ಮನನ್ನು ಓಡಿಸಿ, ಜಿಗಿಸಿ, ಅದನ್ನು ಚಿತ್ರೀಕರಿಸಿಕೊಂಡು ರಾಜಕುಮಾರನ ಚಲನೆ ರೂಪಿಸಿದ್ದರಿಂದ ಅದನ್ನು ಮನೆಮಂದಿಯ ಆಟವೆನ್ನಲೂಬಹುದು. ಕಥೆಯಲ್ಲಿ ಹೊಸತೇನೂ ಇಲ್ಲ. ಯುದ್ಧಕ್ಕೆ ಹೋದ ಸುಲ್ತಾನ, ದುಷ್ಟ ವಜೀರ ಜಾಫರ್, ಸೆರೆಯಲ್ಲಿರುವ ಶಹಜಾದಿ, ಒಂದು ಗಂಟೆಯ ಗಡುವು. ಪಶ್ಚಿಮದವರು ಪೂರ್ವವನ್ನು ಕಲ್ಪಿಸಿಕೊಂಡಾಗ ವಜೀರನೊಬ್ಬ ಸದಾ ದುಷ್ಟನೇ ಆಗಿರುತ್ತಾನೆ, ಇರಲಿ. ಈ ಆಟ ಬಹುಪಾಲು ಮೌನವಾಗಿರುತ್ತದೆ. ಹೆಜ್ಜೆ ಸಪ್ಪಳ, ಕಳಚಿ ಬೀಳುವ ಹಾಸುಗಲ್ಲು, ಕತ್ತಿಗೆ ಕತ್ತಿ ತಾಗುವ ಠಣ್ ಸದ್ದು, ಏನಾದರೂ ಘಟಿಸಿದಾಗ ಒಂದು ಪುಟ್ಟ ಧಾಟಿ. ಕಂಪ್ಯೂಟರಿನ ಒಡಕು ಸ್ಪೀಕರಿನಲ್ಲೂ ಆ ಮೌನ ಕೇಳುತ್ತಿತ್ತು.

ಅಲ್ಲಿ ಬರುವ ಒಂದು ಘಟ್ಟ ನಮ್ಮನ್ನು ಇವತ್ತಿಗೂ ಕಾಡುತ್ತದೆ. ರಾಜಕುಮಾರ ಕನ್ನಡಿಯೊಂದನ್ನು ಭೇದಿಸಿ ಹಾಯುತ್ತಾನೆ. ಅವನಿಂದ ಅವನದೇ ನೆರಳು ಬೇರ್ಪಟ್ಟು ಓಡುತ್ತದೆ. ಮುಂದೆ ಆ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಕೊಟ್ಟ ಪ್ರತಿ ಏಟೂ ತನಗೇ ಬೀಳುತ್ತದೆ. ಕೊಂದರೆ ತಾನೂ ಸಾಯುತ್ತಾನೆ. ಕತ್ತಿಯನ್ನು ಒರೆಗೆ ಸೇರಿಸಿ ಅದರತ್ತ ನಡೆದರೆ ಮಾತ್ರ ಎರಡೂ ಒಂದಾಗುತ್ತವೆ. ನಫ್ಸ್ ಜೊತೆಗಿನ ಕಾದಾಟದ ಬಗ್ಗೆ ಸೂಫಿಗಳ ಮಾತು ಕೇಳಿ ಬೆಳೆದ ಹುಡುಗರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅಮೀರ್ ಹಮ್ಜಾನ ದಾಸ್ತಾನಿನಲ್ಲಿ ತಿಲಿಸ್ಮ್ ಎಂಬ ಮಾಯಾಲೋಕ ಬರುತ್ತದೆ. ಅದನ್ನು ಒಡೆಯಲು ಬಲ ಸಾಲದು, ಅದರ ಗುಟ್ಟು ತಿಳಿದಿರಬೇಕು. ವಿಡಿಯೋ ಗೇಮನ್ನು ತಿಲಿಸ್ಮ್ ಎಂದು ಕರೆದರೆ ದಾಸ್ತಾನ್‌ಗೋಗಳು ಬೇಡವೆನ್ನಲಾರರು ಎಂದುಕೊಂಡಿದ್ದೇವೆ.

ಈಗ ಸ್ವಲ್ಪ ಮುಳ್ಳಿನ ದಾರಿ. 1998ರಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ನಮ್ಮ ಮಟ್ಟಿಗೆ ಕೊಂಡೊ ಅವರ ದೊಡ್ಡ ಕೆಲಸ. ಅಲ್ಲಿ ಆಡುವವನ ಕೈಗೇ ಒಂದು ಊದುವ ವಾದ್ಯ ಕೊಡುತ್ತಾರೆ. ಐದು ಸ್ವರ. ಆ ಐದರಲ್ಲಿ ಕಟ್ಟಿದ ಪುಟ್ಟ ಧಾಟಿಗಳನ್ನು ನೆನಪಿಟ್ಟು ನುಡಿಸಿದರೆ ಮಳೆ ಬರುತ್ತದೆ, ಹಗಲು ಇರುಳಾಗುತ್ತದೆ, ಕುದುರೆ ಓಡಿಬರುತ್ತದೆ. ಸಂಗೀತ ಇಲ್ಲಿ ಅಲಂಕಾರದ ಮಾತಲ್ಲ, ಕೀಲಿಕೈ. ಇಂಥ ಆಟದ ಅಗ್ನಿಮಂದಿರವೆಂಬ ಘಟ್ಟದಲ್ಲಿ, ಮೊದಲ ಪ್ರತಿಗಳಲ್ಲಿ, ಹಿನ್ನೆಲೆಯಾಗಿ ಕೇಳುತ್ತಿದ್ದದ್ದು ಅರಬ್ಬಿಯ ಧಾರ್ಮಿಕ ಪಠಣ. ಸಂಗೀತಗಾರರಿಗೆಂದು ಮಾರುವ ಸಿದ್ಧ ದನಿಗಳ ಸಂಗ್ರಹವೊಂದರಿಂದ ಎತ್ತಿಕೊಂಡ ತುಣುಕು ಅದು. ಆಮೇಲಿನ ಪ್ರತಿಗಳಲ್ಲಿ ಅದನ್ನು ತೆಗೆದು ಬೇರೆ ದನಿ ಹಾಕಿದರು.

ಹತ್ತು ವರ್ಷದ ನಂತರ ಇನ್ನೊಂದು ಪ್ರಸಂಗ ನಡೆಯಿತು. 2008ರ ಅಕ್ಟೋಬರಿನಲ್ಲಿ ಸೋನಿ ಕಂಪನಿಯ 'ಲಿಟಲ್ ಬಿಗ್ ಪ್ಲಾನೆಟ್' ಬಿಡುಗಡೆಗೆ ಕೆಲವೇ ದಿನ ಉಳಿದಿತ್ತು. ಅದರಲ್ಲಿನ ಒಂದು ಹಾಡಿನಲ್ಲಿ ಕುರ್‌ಆನ್‌ನ ಎರಡು ನುಡಿಗಳಿವೆ ಎಂದು ಆಡುವವರೊಬ್ಬರು ಗಮನಕ್ಕೆ ತಂದರು. ಕಂಪನಿ ಕ್ಷಮೆ ಕೇಳಿ, ಲೋಕದೆಲ್ಲೆಡೆಯಿಂದ ಡಿಸ್ಕುಗಳನ್ನು ಹಿಂದಕ್ಕೆ ಕರೆಸಿಕೊಂಡು, ಗಾಯನ ತೆಗೆದು ಬರಿಯ ವಾದ್ಯ ಉಳಿಸಿ ಬಿಡುಗಡೆ ಮಾಡಿತು. ಹಾಡು ಯಾರದು? ಮಾಲಿ ದೇಶದ ತುಮಾನಿ ಜಬಾತೆ ಅವರದು. ಇಪ್ಪತ್ತೊಂದು ತಂತಿಗಳ ಕೋರಾ ವಾದ್ಯವನ್ನು ಲೋಕಕ್ಕೆ ಕೇಳಿಸಿದ, ತಲೆತಲಾಂತರದಿಂದ ಹಾಡನ್ನೇ ಕಸುಬಾಗಿಸಿಕೊಂಡ ಮನೆತನದ, ಸ್ವತಃ ನಿಷ್ಠಾವಂತ ಮುಸ್ಲಿಂ. ತಮ್ಮ ನಾಡಿನಲ್ಲಿ ಇಸ್ಲಾಮಿನಿಂದ ಸ್ಫೂರ್ತಿ ಪಡೆದು ಹಾಡುವುದು ಸಹಜ ರೂಢಿ ಎಂದು ಅವರು ಹೇಳಿದರು. ಅಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. 2024ರಲ್ಲಿ ಅವರು ತೀರಿಕೊಂಡಾಗ ನಮಗೆ ಆ ಕತ್ತರಿಸಿದ ಹಾಡು ನೆನಪಾಯಿತು.

ಈ ಎರಡು ಪ್ರಸಂಗಗಳನ್ನು ಒಂದೇ ಬುಟ್ಟಿಗೆ ಹಾಕುವುದು ತಪ್ಪೆಂದು ನಮ್ಮ ವಾದ. ಅಗ್ನಿಮಂದಿರದಲ್ಲಿ ಪಠಣ ಬಂದದ್ದು ಮಸಾಲೆಯಾಗಿ. ನಿಗೂಢತೆ ಬೇಕು, ದಿಗಿಲು ಬೇಕು, ಯಾವುದೋ ದೂರದ ಜನರ ದನಿ ಬೇಕು. ಅವರು ಏನು ಹೇಳುತ್ತಿದ್ದಾರೆಂಬುದು ಮುಖ್ಯವಲ್ಲ. ಪ್ರಾರ್ಥನೆಯೊಂದು ಹೆಸರಿಲ್ಲದ ಕಚ್ಚಾವಸ್ತುವಾಯಿತು. ಅದನ್ನು ತೆಗೆದದ್ದು ಸರಿ. ಜಬಾತೆಯವರ ಹಾಡಿನಲ್ಲಿ ಆ ನುಡಿಗಳು ಬಂದದ್ದು ಸಾವನ್ನು ನೆನೆಯುತ್ತ, ನಂಬಿಕೆಯೊಳಗಿಂದ. ಅಲ್ಲಿ ಕತ್ತರಿ ಬಿದ್ದದ್ದು ಒಬ್ಬ ಮುಸ್ಲಿಮನ ಭಕ್ತಿಗೆ, ಅದೂ ಮುಸ್ಲಿಮರ ಮನಸ್ಸು ನೋಯದಿರಲೆಂದು! ನೊಂದವರ ನೋವು ಸುಳ್ಳೆಂದು ನಾವು ಹೇಳುತ್ತಿಲ್ಲ. ಕುರ್‌ಆನಿನ ನುಡಿಗೆ ವಾದ್ಯ ಬೆರೆಸುವುದನ್ನು ಒಪ್ಪದವರು ನಮ್ಮ ಮನೆಗಳಲ್ಲೇ ಇದ್ದಾರೆ, ಅವರಿಗೆ ಅವರದೇ ಆಧಾರಗಳಿವೆ. ಆದರೆ ಈ ಚರ್ಚೆ ಹೊಸದಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಇಮಾಮ್ ಗಜಾಲಿಯವರು ತಮ್ಮ 'ಇಹ್ಯಾ'ದಲ್ಲಿ ಸಮಾ ಕುರಿತೇ ಒಂದು ಭಾಗ ಮೀಸಲಿಟ್ಟು, ಯಾವ ಕೇಳುವಿಕೆ ಸಲ್ಲುತ್ತದೆ, ಯಾವುದು ಸಲ್ಲದು ಎಂದು ತಾಳ್ಮೆಯಿಂದ ಬಿಡಿಸಿ ನೋಡಿದ್ದಾರೆ. ಅಂಥ ಕೂಡಿ ಕಳೆಯುವ ಕೆಲಸಕ್ಕೆ ವ್ಯಾಪಾರಿ ಕಂಪನಿಗೆ ಪುರುಸೊತ್ತಿಲ್ಲ. ಅದಕ್ಕೆ ನಷ್ಟದ ಭಯವಿರುತ್ತದೆ. ಆ ಭಯವನ್ನು ನಾವು ನಮ್ಮ ಮೇಲಿನ ಗೌರವವೆಂದು ಓದಿಕೊಳ್ಳಬೇಕಾಗಿಲ್ಲ.

ಹಿಂಸೆಯ ಬಗ್ಗೆಯೂ ಒಂದು ಮಾತು. ಈ ಆಟಗಳು ಮಕ್ಕಳಿಗೆ ಕೊಲ್ಲುವುದನ್ನು ಕಲಿಸುತ್ತವೆ ಎನ್ನುವವರಿಗೆ ನಾವು 2005ರ 'ಶ್ಯಾಡೊ ಆಫ್ ದಿ ಕೊಲೋಸಸ್' ತೋರಿಸುತ್ತೇವೆ. ಸತ್ತ ಹುಡುಗಿಯನ್ನು ಬದುಕಿಸಿಕೊಳ್ಳಲು ತರುಣನೊಬ್ಬ ಹದಿನಾರು ದೈತ್ಯ ಜೀವಿಗಳನ್ನು ಕೊಲ್ಲಬೇಕು. ಕುದುರೆಯೇರಿ ಬಯಲು ದಾಟುವಾಗ ಸಂಗೀತವಿಲ್ಲ. ಗಾಳಿ, ಗೊರಸು, ಅಷ್ಟೇ. ದೈತ್ಯನ ಮೈಮೇಲೆ ಹತ್ತಿದಾಗ ಕೋ ಒತಾನಿ ಅವರ ಸಂಗೀತ ಕಹಳೆಯಂತೆ ಎದ್ದು ಹುರಿದುಂಬಿಸುತ್ತದೆ. ಕೊನೆಯ ಇರಿತ ಬಿದ್ದದ್ದೇ ಬೇರೆ ಏನೋ ಆಗುತ್ತದೆ. ಗೆದ್ದವನಿಗೆ ಜಯಘೋಷ ಬರುವ ಜಾಗದಲ್ಲಿ ಶೋಕಗೀತೆ ಬರುತ್ತದೆ. ಮರ್ಸಿಯಾ ಕೇಳಿದವರಿಗೆ, ನಮ್ಮ ಮೊಹರಮ್ಮಿನ ರಿವಾಯತ್ ಪದಗಳನ್ನು ಕೇಳಿದವರಿಗೆ, ಬಿದ್ದವರ ಪರವಾಗಿ ಹಾಡುವುದೆಂದರೇನೆಂದು ಗೊತ್ತು. ಆದರೆ ಇಲ್ಲಿ ಕತ್ತಿ ಹಿಡಿದ ಕೈ ಕೇಳುಗನದೇ. ತಾನು ಮಾಡಿದ್ದಕ್ಕೆ ತಾನೇ ಶೋಕ ಕೇಳಬೇಕು. ಕಾದಂಬರಿಗೂ ಸಿನಿಮಾಕ್ಕೂ ಈ ಅನುಕೂಲವಿಲ್ಲ, ಕಥೆಗಾರರಾಗಿ ನಮಗೆ ಇದರ ಮೇಲೆ ಅಸೂಯೆಯಿದೆ.

ಉಳಿದವು ಪ್ರಶಸ್ತಿಗಳ ಸಂಗತಿ. 2005ರ 'ಸಿವಿಲೈಸೇಶನ್ 4' ಆಟಕ್ಕೆ ಕ್ರಿಸ್ಟೋಫರ್ ಟಿನ್ ಮಾಡಿದ 'ಬಾಬಾ ಯೇತು', ಏಸುವಿನ ಪ್ರಾರ್ಥನೆಯ ಸ್ವಾಹಿಲಿ ರೂಪ, 2011ರಲ್ಲಿ ಗ್ರ್ಯಾಮಿ ಪಡೆಯಿತು. 2023ರಲ್ಲಿ ಗೇಮುಗಳ ಸಂಗೀತಕ್ಕೆಂದೇ ಗ್ರ್ಯಾಮಿಯಲ್ಲಿ ಬೇರೆ ವಿಭಾಗ ಬಂತು.

ಆದರೆ ಇವೆಲ್ಲಕ್ಕಿಂತ ನಮಗೆ ಆಪ್ತವಾದದ್ದು 2012ರ 'ಜರ್ನಿ'. ಕೆಂಪು ನಿಲುವಂಗಿ ತೊಟ್ಟ ಯಾತ್ರಿಕ, ಮರಳುಗಾಡು, ದೂರದಲ್ಲೊಂದು ಬೆಳಗುವ ಬೆಟ್ಟ. ಆಸ್ಟಿನ್ ವಿಂಟರಿ ಅವರ ಸಂಗೀತದಲ್ಲಿ ಯಾತ್ರಿಕನ ದನಿ ಚೆಲ್ಲೊ ವಾದ್ಯ. ಬೆಟ್ಟದ ಹಿಮಗಾಳಿಯಲ್ಲಿ ಯಾತ್ರಿಕ ಕುಸಿಯುತ್ತ ಹೋದಂತೆ ಸಂಗೀತವೂ ಉಡುಗುತ್ತದೆ. ಕೊನೆಯ ಹಾಡಿನಲ್ಲಿ ಲ್ಯಾಟಿನ್, ಗ್ರೀಕ್, ಜಪಾನಿ, ಹಳೆಯ ಇಂಗ್ಲಿಷ್, ಫ್ರೆಂಚ್, ಹೀಗೆ ಐದು ಭಾಷೆಗಳ ಹಳೆಯ ನುಡಿಗಳನ್ನು ಹೆಣೆದಿದ್ದಾರೆ. ಮರಳು, ನಿಲುವಂಗಿ, ಕಮಾನು, ಯಾತ್ರೆ ಎಲ್ಲ ನಮ್ಮ ಕಡೆಯ ಲೋಕವನ್ನು ನೆನಪಿಸುತ್ತಿರುವಾಗ ಒಂದು ಸಾಲು ಅರಬ್ಬಿಯೋ ಫಾರಸಿಯೋ ಇದ್ದಿದ್ದರೆ ಎಂದು ಅನ್ನಿಸಿದ್ದು ನಿಜ. 2008ರ ಪ್ರಸಂಗದ ನೆನಪು ಎಲ್ಲರಲ್ಲೂ ಹಸಿಯಾಗಿದ್ದ ಕಾಲವದು, ಯಾರು ಬಲ್ಲರು.

ಈ ಆಟದಲ್ಲಿ ದಾರಿಯ ನಡುವೆ ಇನ್ನೊಬ್ಬ ಯಾತ್ರಿಕ ಸಿಗುತ್ತಾನೆ. ಲೋಕದ ಇನ್ನಾವುದೋ ಮೂಲೆಯಲ್ಲಿ ಕೂತು ಆಡುತ್ತಿರುವ ನಿಜವಾದ ಮನುಷ್ಯ. ಅವನ ಊರು, ಭಾಷೆ, ಮತ ಯಾವುದೂ ಕಾಣುವುದಿಲ್ಲ. ಮಾತಾಡುವ ಸೌಕರ್ಯವೂ ಇಲ್ಲ. ಒಂದು ಗುಂಡಿ ಒತ್ತಿದರೆ ಯಾತ್ರಿಕನಿಂದ ಒಂದು ಸ್ವರ ಹೊಮ್ಮುತ್ತದೆ, ಅಷ್ಟೇ. ಇಲ್ಲಿದ್ದೇನೆ, ಬಾ, ನಿಲ್ಲು, ಹುಷಾರು ಎಲ್ಲವನ್ನೂ ಅದರಲ್ಲೇ ಹೇಳಿಕೊಳ್ಳಬೇಕು. ಚಳಿಯಲ್ಲಿ ಒಬ್ಬರಿಗೊಬ್ಬರು ಹತ್ತಿರ ನಿಂತರೆ ಇಬ್ಬರ ಉತ್ತರೀಯಕ್ಕೂ ಕಸುವು ಮರಳುತ್ತದೆ. ಆಟವೆಲ್ಲ ಮುಗಿದು, ದುಡಿದವರ ಹೆಸರುಗಳೆಲ್ಲ ಸರಿದುಹೋದ ಮೇಲೆ, ಕಪ್ಪು ಪರದೆಯ ಮೇಲೆ ದಾರಿಯಲ್ಲಿ ಜೊತೆಯಾದವರ ಹೆಸರುಗಳು ಮೂಡುತ್ತವೆ. ಒಬ್ಬರೇ ಎಂದುಕೊಂಡಿದ್ದ ಜಾಗದಲ್ಲಿ ಕೆಲವೊಮ್ಮೆ ನಾಲ್ಕು ಹೆಸರುಗಳಿರುತ್ತವೆ.