ಹೊಸ ವಿಳಾಸ, ಹಳೆಯ ನಿಶ್ಚಿಂತೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ಕೇಬಲ್ಲಿನವರು ಬಂದು ಗೋಡೆಗೆ ಡಬ್ಬಿ ಬಿಗಿದು, ಮೊಬೈಲಿನಲ್ಲಿ ಒಂದು ವಿಡಿಯೊ ಓಡಿಸಿ, ‘ನೆಟ್ ಬಂತ್ ನೋಡ್ರಿ’ ಎಂದು ಹೊರಟುಬಿಡುವಲ್ಲಿಗೆ ಮುಗಿಯುವ ಕಾರ್ಯವನ್ನು, ಐಪಿವಿ6 ಎಂಬ ನೂತನ ವಿಳಾಸಪದ್ಧತಿಯು ಮನೆಯೊಳಗೆ ಕಾಲಿಡುತ್ತಿರುವ ಈ ಸಂದರ್ಭದಲ್ಲಿ ಪುನಃ ಪರೀಕ್ಷಿಸಬೇಕಾಗಿದೆ. ಕೇಂದ್ರದ ದೂರಸಂಪರ್ಕ ಇಲಾಖೆಯು 2010ರಲ್ಲಿಯೇ ಮಾರ್ಗಸೂಚಿ ಹೊರಡಿಸಿದ ಈ ಪದ್ಧತಿಯು ಸ್ತುತ್ಯವೇ. ಅದನ್ನು ಅಳವಡಿಸುವ ರೀತಿಯನ್ನು ಮಾತ್ರ ಹೊಗಳಲಾರೆ.

32 ಬಿಟ್ಟುಗಳ ಹಳೆಯ ಪದ್ಧತಿಯು ಕೊಡಬಲ್ಲ ವಿಳಾಸಗಳು ಸುಮಾರು 429 ಕೋಟಿ. ಅದರ ಜಾಗತಿಕ ಭಂಡಾರವು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಈ ದಾರಿದ್ರ್ಯದ ದೆಸೆಯಿಂದ ಒಂದು ಮನೆಯ, ಕೆಲವೊಮ್ಮೆ ಒಂದು ಓಣಿಯ, ಸಮಸ್ತ ಉಪಕರಣಗಳೂ ಹಳೆಯ ವಾಡೆಯ ಹತ್ತಾರು ಸಂಸಾರಗಳು ಒಂದೇ ತಲಬಾಗಿಲಿನಿಂದ ಓಡಾಡುವಂತೆ ಒಂದೇ ಬಹಿರಂಗ ವಿಳಾಸದಿಂದ ವ್ಯವಹರಿಸತೊಡಗಿದವು. ಹೊರಗಿನಿಂದ ತಾನಾಗಿ ಬಂದ ಕರೆಯು ಒಳಗೆ ಯಾರಿಗೆಂದು ತಿಳಿಯದೆ ಬಿದ್ದುಹೋಗುತ್ತಿದ್ದುದನ್ನೇ ಜನರು ರಕ್ಷಣೆಯೆಂದು ಭಾವಿಸಿದರು. ಆದರೆ 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಈ ಹಳೆಯ ವಿಳಾಸಗಳ ಕಾಲದಲ್ಲಿಯೇ.

128 ಬಿಟ್ಟುಗಳ ಹೊಸ ಪದ್ಧತಿಯಲ್ಲಿ ಮನೆಯ ಒಂದು ಜಾಲಭಾಗಕ್ಕೆ ಸಲ್ಲುವ ವಿಳಾಸಗಳೇ 1.8 ಲಕ್ಷ ಕೋಟಿ ಕೋಟಿಗೂ ಮಿಗಿಲು. ಒಂದೊಂದಾಗಿ ತಡಕುತ್ತ ಬರುವವನಿಗೆ ಇದು ಮುಗಿಯದ ಕೆಲಸವೆಂಬುದು ನಿಜವಾದರೂ, ಉಪಕರಣವು ತಾನೇ ಹೊರಜಗತ್ತಿನೊಡನೆ ಮಾತಾಡಿದಾಗ ಅದರ ವಿಳಾಸವು ಪ್ರಕಟವಾಗುವುದರಿಂದಲೂ, ತಯಾರಕರ ಯಂತ್ರಸಂಖ್ಯೆಯಿಂದಲೇ ವಿಳಾಸ ಕಟ್ಟಿಕೊಳ್ಳುವ ಹಳೆಯ ಕ್ಯಾಮೆರಾವು ಊಹೆಗೆ ಸುಲಭವಾಗುವುದರಿಂದಲೂ, ಒಳಗಿನ ಪ್ರಶ್ನೆಗೆ ಬಂದ ಉತ್ತರವನ್ನು ಮಾತ್ರ ಬಿಟ್ಟುಕೊಂಡು ಕರೆಯದೆ ಬಂದುದನ್ನು ತಡೆಯುವ ಫೈರ್‌ವಾಲ್ ಅತ್ಯಾವಶ್ಯಕ. ತೋಟದ ಸಿಸಿ ಕ್ಯಾಮೆರಾ ಮೊಬೈಲಿನಲ್ಲಿ ಕಾಣಲಿಲ್ಲವೆಂದು ಈ ಫೈರ್‌ವಾಲನ್ನೇ ಆಫ್ ಮಾಡಿ ಹೋಗುವವರ ಜಾಣತನಕ್ಕೆ ಏನೆನ್ನೋಣ!

ದಾರಿಯ ಅಡಚಣೆಗಳನ್ನು ಕಳುಹಿಸಿದವರಿಗೆ ತಿಳಿಸುವ ಐಸಿಎಂಪಿ ಸಂದೇಶಗಳನ್ನು ಸಾರಾಸಗಟಾಗಿ ತಡೆಯುವ ಅತಿಜಾಗರೂಕತೆಯೂ ಅನರ್ಥಕರವೇ. ಹೊಸ ಪದ್ಧತಿಯಲ್ಲಿ ನಡುದಾರಿಯ ರೂಟರುಗಳು ದೊಡ್ಡ ಪ್ಯಾಕೆಟ್ಟನ್ನು ಒಡೆಯಲಾರವಾದುದರಿಂದ, ಚಿಕ್ಕದಾಗಿ ಕಳುಹಿಸೆಂಬ ಸೂಚನೆಯು ತಲುಪದಿದ್ದರೆ ಕೆಲವು ಪುಟಗಳು ಅರ್ಧಕ್ಕೇ ನಿಲ್ಲುತ್ತವೆ. ಬೈಗುಳವೆಲ್ಲ ಐಪಿವಿ6ರ ಪಾಲಿಗೆ.

1969ರಲ್ಲಿಯೇ ಸಹಕಾರಿ ವಿದ್ಯುತ್ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿಯವರಿಗೆ ದೀಪ ಆರಿದರೆ ಯಾರನ್ನು ಕೇಳಬೇಕೆಂಬುದನ್ನು ಹೇಳಿಕೊಡಬೇಕಾಗಿಲ್ಲ; ಈ ಡಬ್ಬಿಯ ವಿಷಯದಲ್ಲಿಯೂ ಅದೇ ಹಕ್ಕಿನಿಂದ ಕೇಳಲಿ. ಐಪಿವಿ6ರ ಫೈರ್‌ವಾಲ್ ಆನ್ ಇದೆಯೇ, ಡಬ್ಬಿಯ ಕೆಳಗೆ ಅಂಟಿಸಿದ ಪಾಸ್‌ವರ್ಡ್ ಬದಲಾಗಿದೆಯೇ, ಅಪ್‌ಡೇಟ್ ಯಾರ ಹೊಣೆ ಎಂಬುದಕ್ಕೆ ಉತ್ತರ ದೊರೆಯುವ ತನಕ ಕೇಬಲ್ಲಿನವರಿಗೆ ಚಹಾ ಕೊಟ್ಟು ಕೂಡ್ರಿಸಿಕೊಳ್ಳಿರಿ, ಹೊಸ್ತಿಲು ದಾಟಗೊಡಬೇಡಿರಿ.